ಸಿರಿಂಜು ಕಂಡರೆ ಕತ್ತೆತ್ತುವ ಕುದುರೆಗೆ

ಕುದುರೆ ಹಟಮಾರಿ ಅಂತ ಯಡಿಯೂರಿನವರಿಗೆಲ್ಲ ಹೇಳಿಕೊಂಡು ಓಡಾಡಬೇಡ ಕಣಪ್ಪ. ಮೂರು ಜನ ಸೇರಿ ತಲೆ ಅಮುಕಿ ಹಿಡಿದು ಬಾಯಿಗೆ ಕಹಿ ಟಾನಿಕ್ಕು ಸುರಿದರೆ ಯಾವ ಕುದುರೆಯೂ ಅದನ್ನು ಮರೆಯುವುದಿಲ್ಲ. ಆಮೇಲೆ ಸಿರಿಂಜು ಜೇಬಿನಿಂದ ಆಚೆ ಬರುವ ಮೊದಲೇ ಕತ್ತು ಮೇಲೆ. ಟಿಪ್ಪು ಕಾಲದಿಂದ ಕುದುರೆ ಬೆಳೆಸಿದ ಕುಣಿಗಲ್ ಫಾರಂನಂಥ ಕಡೆ ಮರಿಗಳಿಗೆ ಚಿಕ್ಕಂದಿನಿಂದಲೇ ಜನರ ಕೈ ಅಭ್ಯಾಸ. ನಿನ್ನ ಸಾರೋಟಿನ ಕುದುರೆ ಎಷ್ಟು ಕೈ ಬದಲಾಗಿ ಬಂದಿದೆಯೋ, ಅದರ ಬಾಯಿಗೆ ಯಾರ್ಯಾರು ಏನೇನು ತುರುಕಿದ್ದಾರೋ.

ಟಾನಿಕ್ಕು ಬೇಕೋ ಬೇಡವೋ ಅನ್ನುವುದನ್ನು ಅಂಗಡಿಯವನ ಹತ್ತಿರ ಕೇಳಬೇಡ, ಹೆಬ್ಬಾಳದ ಪಶುವೈದ್ಯ ಕಾಲೇಜಿನ ಡಾಕ್ಟರನ್ನು ಕೇಳು. ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತಿದ್ದರೂ ಕುದುರೆ ಬಾಯಿ ಮುಟ್ಟಿಸಿಕೊಳ್ಳುವುದಿಲ್ಲ, ಅದನ್ನೂ ತೋರಿಸು. ಬೂಸಾದಲ್ಲಿ ಕಲಸಿದರೆ ತಿನ್ನುವುದಾದರೆ ಸಿರಿಂಜಿನ ಗೋಜೇ ಬೇಡ. ನಿಂದು ಮೂಸಿ ನೋಡಿ ಬಕೆಟ್ಟು ಉರುಳಿಸುವ ಜಾತಿ, ಅದಕ್ಕೇ ಇಷ್ಟು ಹೇಳುತ್ತಿರುವುದು.

ಸೂಜಿ ಇಲ್ಲದ, ತುದಿ ಉದ್ದವಿರುವ 60 ಎಂಎಲ್ ಸಿರಿಂಜು ತಗೋ. ಮೊದಮೊದಲು ಖಾಲಿಯೇ ಇರಲಿ. ಕತ್ತಿಗೆ ಸವರು, ಕೆನ್ನೆಗೆ ಸವರು, ಮೆಲ್ಲಗೆ ತುಟಿಯ ಮೂಲೆಗೆ ತಂದು ನಿಲ್ಲಿಸು. ತಲೆ ಎತ್ತಿದರೆ ನಿನ್ನ ಕೈಯೂ ಜೊತೆಗೇ ಹೋಗಲಿ, ಜಗ್ಗಾಡಬೇಡ. ಒಂದು ಗಳಿಗೆ ಸುಮ್ಮನೆ ನಿಂತಿತೋ, ತಕ್ಷಣ ಸಿರಿಂಜು ತೆಗೆದುಬಿಡು. ಗುಟ್ಟೆಲ್ಲ ಇರುವುದು ಇಲ್ಲೇ. ಒದರಾಡುವಾಗ ತೆಗೆದರೆ, ಒದರಿದರೆ ಬಿಡುತ್ತಾರೆ ಅಂತ ನೀನೇ ಪಾಠ ಹೇಳಿಕೊಟ್ಟ ಹಾಗೆ.

ಅದು ಪಳಗಿದ ಮೇಲೆ ತೆಳ್ಳಗಿನ ಬೆಲ್ಲದ ನೀರು ತುಂಬಿಸು. ನಾಲ್ಕಾರು ಸಲ ಸಿಹಿ, ಮಧ್ಯೆ ಒಂದು ಸಲ ಔಷಧಿ, ಮಾರನೇ ದಿನ ಮತ್ತೆ ಸಿಹಿ. ತಾನೇ ತುಟಿ ಚಾಚಿಕೊಂಡು ಬರುತ್ತದೆ, ನೋಡ್ತಿರು. ಗೊರಸಿನ ಒಳಗೆ ಬಾವು ಬಂದು ಕುಂಟುವ ಕುದುರೆಗಾದರೆ ಬೆಲ್ಲದ ಮಾತೇ ಬೇಡ, ಬರೀ ನೀರಲ್ಲೇ ರೂಢಿಮಾಡಿಸು.

ಮುಂಬಲ್ಲಿಗೂ ದವಡೆಹಲ್ಲಿಗೂ ನಡುವೆ ಕಡಿವಾಣ ಕೂರುವ ಖಾಲಿ ಜಾಗ ಇದೆಯಲ್ಲ, ಸಿರಿಂಜು ಹೋಗಬೇಕಾದ್ದು ಅಲ್ಲಿಂದ. ತುದಿ ನಾಲಿಗೆಯ ಮೇಲೆ, ಹಿಂದಕ್ಕೆ ಮುಖಮಾಡಿರಲಿ. ಬಾಯಲ್ಲಿ ಹುಲ್ಲಿದ್ದರೆ ಹುಲ್ಲಿನ ಜೊತೆ ಔಷಧಿಯೂ ಆಚೆ ಬೀಳುತ್ತದೆ, ಮೊದಲು ಬಾಯಿ ಖಾಲಿಯಾಗಲಿ. ಸ್ವಲ್ಪ ಬಿಡು, ಗಂಟಲು ಆಡುವುದನ್ನು ನೋಡು, ಆಮೇಲೆ ಇನ್ನು ಸ್ವಲ್ಪ. ಹಳ್ಳಿಯಲ್ಲಿ ದನಕ್ಕೆ ಗೊಟ್ಟ ಹಾಕುವವರ ಥರ ಮೂತಿ ಆಕಾಶಕ್ಕೆತ್ತಿ ಸುರಿದೀಯ, ಜೋಕೆ! ಶ್ವಾಸಕೋಶಕ್ಕೆ ಇಳಿದರೆ ನಿಮೋನಿಯಾ. ಕೆಮ್ಮಿತೋ, ಅಲ್ಲಿಗೇ ನಿಲ್ಲಿಸು.

ಬೇಸಿಗೆಯ ಮದುವೆ ಸೀಸನ್ನಿನಲ್ಲಿ ಕನಕಪುರ ರಸ್ತೆಯ ಕಾದ ಟಾರಿನ ಮೇಲೆ ಗಾಡಿ ಎಳೆದು ಬಂದಾಗ ಸಿರಿಂಜಿನಲ್ಲೇ ಉಪ್ಪಿನ ಪೇಸ್ಟು ಕೊಡುವುದುಂಟು. ಕುದುರೆಯ ಬೆವರು ನಮ್ಮದಕ್ಕಿಂತ ಉಪ್ಪು, ಆ ನಷ್ಟ ತುಂಬಬೇಕು ನಿಜ. ಆದರೆ ಎದುರಿಗೆ ನೀರಿಲ್ಲದೆ ಕೊಡಬೇಡ. ನೀರು ಕುಡಿಯದ ಕುದುರೆಯ ಹೊಟ್ಟೆಗೆ ಗಟ್ಟಿ ಉಪ್ಪು ಹೋದರೆ ಮೈಯಲ್ಲಿರುವ ನೀರನ್ನೇ ಅದು ಕರುಳಿಗೆ ಎಳೆದುಕೊಳ್ಳುತ್ತದೆ.

ಇದನ್ನೆಲ್ಲ ಲಾಯದ ಹುಡುಗನಿಗೂ ಹೇಳಿಡು. ನೀನು ಸವರಿ ಸವರಿ ಕಲಿಸಿದ ಕುದುರೆಗೆ, ನೀನಿಲ್ಲದ ದಿನ ಅವನು ಮೇಲ್ದುಟಿಗೆ ಹಗ್ಗ ತಿರುಚಿ ಔಷಧಿ ಹಾಕಿದನೋ, ಖಾಲಿ ಸಿರಿಂಜು ಹಿಡಿದುಕೊಂಡು ಮತ್ತೆ ಕತ್ತಿನಿಂದಲೇ ಶುರುಮಾಡಬೇಕಾದೀತು.