ನೀಲಿ ಕಂಡ ಕೂಡಲೇ ಕುಣಿಯಬೇಡ

ಪುಟ್ಟಿ, ನ್ಯಾನೋ ಸೆನ್ಸರ್ ಮೇಲೆ ಪಿಎಚ್.ಡಿ.ಗೆ ಸೇರಿದೆಯಂತೆ, ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಕೆಮಿಸ್ಟ್ರಿ ಲ್ಯಾಬಿನಲ್ಲೇ ತಲೆ ನರೆಸಿಕೊಂಡ ನಿನ್ನ ದೊಡ್ಡಪ್ಪನದೂ ಒಂದು ಮಾತಿರಲಿ.

ಚಿನ್ನದ ಕಣ ಮಾಡೋದನ್ನು ನೋಡಿರ್ತೀಯ. ಕುದಿಯುವ ಕ್ಲೋರೋಆರಿಕ್ ಆಮ್ಲದ ತೆಳು ಹಳದಿ ದ್ರಾವಣಕ್ಕೆ ಸಿಟ್ರೇಟ್ ಸುರಿದರೆ ಮೊದಲು ಬಣ್ಣವೇ ಮಾಯ. ಆಮೇಲೆ ಮಸಿ ಕದಡಿದ ಹಾಗೆ ಕಪ್ಪಾಗಿ, ನೋಡನೋಡುತ್ತಾ ದಾಳಿಂಬೆ ರಸದ ಕೆಂಪು. ಸುಮಾರು 13 ನ್ಯಾನೋಮೀಟರಿನ ಆ ಕಣಗಳು ಹಸಿರು ಬೆಳಕನ್ನು ನುಂಗೋದರಿಂದ ಆ ಕೆಂಪು. ಒಂದಕ್ಕೊಂದು ಅಂಟಿ ಗುಂಪಾದರೆ ನೀಲಿ. ಪಾದರಸವನ್ನು ಹಿಡಿಯುವ ಅಣುವನ್ನು ಕಣದ ಮೈಗೆ ಕಟ್ಟಿದರೆ, ಪಾದರಸ ಸಿಕ್ಕಾಗ ಗುಂಪುಗೂಡಿ ನೀಲಿಯಾಗಬೇಕು.

ನಾನು ಒಮ್ಮೆ ಅಂಥ ದ್ರಾವಣಕ್ಕೆ ನಮ್ಮೂರ ಬೋರ್‌ವೆಲ್ ನೀರನ್ನು ಅರ್ಧಕ್ಕರ್ಧ ಬೆರೆಸಿದೆ. ನೀಲಿ! ರಾತ್ರಿಯೆಲ್ಲ ನಿದ್ದೆ ಇಲ್ಲ. ನಾವು ಕುಡಿದು ಬೆಳೆದ ನೀರು ಅದು. ಬೆಳಿಗ್ಗೆ ಬರೀ ದ್ರಾವಣವಿದ್ದ ಇನ್ನೊಂದು ನಳಿಗೆಗೆ ಚಿಟಿಕೆ ಅಡುಗೆ ಉಪ್ಪು ಹಾಕಿ ನೋಡಿದೆ. ಅದೂ ನೀಲಿ. ಕಣಗಳನ್ನು ದೂರದೂರ ಇಟ್ಟಿದ್ದ ವಿದ್ಯುದಾವೇಶವನ್ನು ಗಡಸು ನೀರಿನ ಲವಣವೇ ಅಡಗಿಸಿತ್ತು. ಪಾದರಸದ ಮಾತೇ ಇಲ್ಲ!

ಅದಕ್ಕೇ ಹೇಳೋದು, ಡಿಸ್ಟಿಲ್ಡ್ ವಾಟರಿನಲ್ಲಿ ಬಂದ ಗ್ರಾಫ್ ನೋಡಿ ಹಿಗ್ಗಬೇಡ. ಯಾದಗಿರಿ, ರಾಯಚೂರು ಕಡೆ ಕೆಲವು ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಸಿಕ್ಕಿದೆ. ಅದಕ್ಕೆ ಇರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಂದರೆ ಒಂದು ಲಕ್ಷ ಲೀಟರಿಗೆ ಒಂದು ಗ್ರಾಂ. ಸುಣ್ಣ, ಉಪ್ಪು, ಕಬ್ಬಿಣದ ಜಾತ್ರೆಯಲ್ಲಿ ಆ ಒಂದು ಗ್ರಾಂ ಹುಡುಕಬೇಕು. ಬಾವಿಯ ನೀರಿಗೆ ಗೊತ್ತಿರುವಷ್ಟು ಆರ್ಸೆನಿಕ್ ನೀನೇ ಬೆರೆಸಿ, ಅಷ್ಟನ್ನೇ ಸೆನ್ಸರ್ ತೋರಿಸುತ್ತಾ ಅಂತ ನೋಡು. ಅದೇ ನೀರನ್ನು ದೊಡ್ಡ ಯಂತ್ರದಲ್ಲೂ ಓಡಿಸಿ ತಾಳೆ ನೋಡು.

ಗಾಳಿಯದೂ ಇದೇ ಹಣೆಬರಹ. 2007ರಲ್ಲಿ ಮ್ಯಾಂಚೆಸ್ಟರಿನವರು ಗ್ರಾಫೀನಿನ ಮೇಲೆ ನೈಟ್ರೋಜನ್ ಡೈಆಕ್ಸೈಡಿನ ಒಂದೊಂದೇ ಅಣುವನ್ನು ಗುರುತಿಸಿದರು. ಭಲೇ ಕೆಲಸ, ಆದರೆ ಲ್ಯಾಬಿನೊಳಗಿನದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮಳೆಗಾಲದ ತೇವ, ಧೂಳು, ಡೀಸೆಲ್ ಹೊಗೆ ಎಲ್ಲವೂ ಒಟ್ಟಿಗೇ ಬಂದು ಕೂರುತ್ತವೆ.

ಹಾಂ, ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬೇಡ. ಮಾಲಿನ್ಯ ಹುಡುಕುವವರೇ ಅದನ್ನು ಮಾಡಿದರೆ ನಗೆಪಾಟಲು.

ದಸರಾಕ್ಕೆ ಬರುವಾಗ ನಿನ್ನ ಕೆಂಪು ದ್ರಾವಣ ಒಂದು ಶೀಷೆ ತಾ. ಆ ಬೋರ್‌ವೆಲ್‌ನಲ್ಲಿ ಈಗ ಎರಡು ದಿನಕ್ಕೊಮ್ಮೆ ನೀರು. ಒಂದು ಕೊಡ ಹಿಡಿದಿಟ್ಟಿರ್ತೀನಿ.