ಬೋರ್ ಗಾಡಿ ಕರೆಸುವ ಮೊದಲು

ಮಗಾ, ಅಡಿಕೆ ತೋಟಕ್ಕೆ ಬೋರ್ ಕೊರೆಸುತ್ತೀಯಂತೆ. ಬೇಡ ಅನ್ನಲು ಇದನ್ನು ಬರೆಯುತ್ತಿಲ್ಲ, ನಿನ್ನ ಜಾಗ, ನಿನ್ನ ದುಡ್ಡು. ಆದರೆ ಬೋರಿನ ನೀರೇ ಬೇರೆ, ಹೊಳೆಯ ನೀರೇ ಬೇರೆ ಎಂಬ ಲೆಕ್ಕದಲ್ಲಿ ಹೊರಟಿದ್ದರೆ ಸ್ವಲ್ಪ ನಿಲ್ಲು.

ಮಳೆ ಬಿಟ್ಟು ಎರಡು ತಿಂಗಳಾದ ಮೇಲೂ ಸೀತಾನದಿ, ಸೌಪರ್ಣಿಕೆ ಹರಿಯುವುದು ಯಾವ ನೀರಿನಿಂದ? ಘಟ್ಟದ ಕಾಡು, ನಮ್ಮ ಹಾಡಿ, ಬೈಲುಗದ್ದೆ ಕುಡಿದಿಟ್ಟುಕೊಂಡ ಮಳೆಯೇ ಅಡಿಯಿಂದ ಒಸರಿ ಹೊಳೆಗಿಳಿಯುತ್ತದೆ. ನಮ್ಮದು ಮುರಕಲ್ಲಿನ ನೆಲ. ಮೈಯೆಲ್ಲ ತೂತು, ಬೇಗ ಹೀರುತ್ತದೆ, ಬೇಗ ಬಿಟ್ಟುಕೊಡುತ್ತದೆ. ಅದರಡಿ ಶೇಡಿಮಣ್ಣು, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಬಾವಿ ಮುರಕಲ್ಲಿನ ಒಸರನ್ನು ನಂಬಿದೆ, ಬೋರು ಬಂಡೆಯ ಬಿರುಕನ್ನು. ಆ ಬಿರುಕಿನ ನೀರೂ ಮೇಲಿನಿಂದ ಇಳಿದದ್ದೇ. ಎಳೆಯುತ್ತ ಹೋದರೆ ಮೇಲಿನ ಮಟ್ಟವೂ ತಗ್ಗುತ್ತದೆ. ಅದು ಹೊಳೆಯ ತಳಕ್ಕಿಂತ ಕೆಳಗಾಯಿತೋ, ವ್ಯವಹಾರ ತಿರುಗುಮುರುಗು: ನೆಲ ಹೊಳೆಗೆ ಕೊಡುವುದು ಹೋಗಿ, ಹೊಳೆಯೇ ನೆಲಕ್ಕಿಳಿಯತೊಡಗುತ್ತದೆ. ಪಂಪ್ ಹಾಕಿದ ದಿನವೇ ಇದು ಕಾಣುವುದಿಲ್ಲ. ದೂರದ ಬೋರಾದರೆ ತಿಂಗಳುಗಟ್ಟಲೆ ತಡ. ಅಷ್ಟರಲ್ಲಿ ತಪ್ಪೆಲ್ಲ ಮಳೆಯ ತಲೆಗೆ ಕಟ್ಟಿಯಾಗಿರುತ್ತದೆ.

ಒಳ್ಳೆ ಮಳೆಯ ವರ್ಷ ಇದೆಲ್ಲ ನಡೆದುಹೋಗುತ್ತದೆ. ನಾಲ್ಕು ಸಾವಿರ ಮಿಲಿಮೀಟರ್ ಸುರಿಯುವ ಜಿಲ್ಲೆ ನಮ್ಮದು. ತೊಂದರೆ ಬರುವುದು 2019ರಂಥ ಬೇಸಿಗೆಯಲ್ಲಿ. ಆ ಮೇ ತಿಂಗಳಲ್ಲಿ ಸ್ವರ್ಣಾ ಹೊಳೆಯ ಬಜೆ ಅಣೆಕಟ್ಟೆ ಒಣಗಿ ಉಡುಪಿಯವರು ಟ್ಯಾಂಕರ್ ಕಾದರು. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವಾದವು. ಹೊಳೆಗೆ ಒಸರೊಂದೇ ಗತಿಯಾಗುವುದು ಇಂಥ ವರ್ಷಗಳಲ್ಲೇ. ಎಲ್ಲರ ಪಂಪುಗಳು ಹಗಲುರಾತ್ರಿ ಓಡುವುದೂ ಆಗಲೇ. ಕಡಲ ಬದಿಯವರ ಪಾಡು ಇನ್ನೂ ಕಷ್ಟ. ಹೊಳೆಯ ಸಿಹಿನೀರಿನ ಒತ್ತು ಕುಂದಿದರೆ ಭರತದ ಉಪ್ಪುನೀರು ಮೇಲೇರಿ ಬಾವಿಗೂ ಸೇರುತ್ತದೆ.

ಹಾಲಾಡಿಯಲ್ಲಿ ವಾರಾಹಿ ಹೊಳೆಯನ್ನು ನೋಡಿ ಮಾತ್ರ ಮೋಸಹೋಗಬೇಡ. ಬೇಸಿಗೆಯಲ್ಲೂ ಅಲ್ಲಿ ನೀರಿರುವುದಕ್ಕೆ ಹೊಸಂಗಡಿಯ ವಿದ್ಯುದಾಗಾರ ಕಾರಣ. ಮಾಣಿ ಅಣೆಕಟ್ಟೆಯಲ್ಲಿ ಹಿಡಿದಿಟ್ಟ ನೀರು ಟರ್ಬೈನ್ ತಿರುಗಿಸಿ ಕೆಳಗೆ ಬರುತ್ತದೆ. ಸೌಪರ್ಣಿಕೆಗೆ, ಸೀತೆಗೆ ಅಂಥ ಉಗ್ರಾಣವಿಲ್ಲ.

ಇನ್ನು ನಿನ್ನ ತೋಟದ ಲೆಕ್ಕ. ಎಕರೆಗೆ ಸುಮಾರು 550 ಮರ. ಡ್ರಿಪ್ಪಿನಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಎಕರೆಗೆ ಹತ್ತು ಸಾವಿರ ಲೀಟರಿನ ಆಸುಪಾಸು. ನಡುಹಗಲಲ್ಲಿ ಸ್ಪ್ರಿಂಕ್ಲರ್ ಹಾರಿಸುವವರು ಎಷ್ಟು ಎತ್ತುತ್ತಾರೋ, ಅಳೆದವರಾರು? ಹತ್ತು ಎಚ್‌ಪಿಯವರೆಗೆ ಕರೆಂಟು ಬಿಟ್ಟಿ, ಸ್ವಿಚ್ ಆರಿಸುವ ನೆನಪು ಯಾರಿಗಿರುತ್ತದೆ! ಬುಡಕ್ಕೆ ಸೋಗೆ, ದರಗು ಹೊದೆಸು, ತೇವ ನಿಲ್ಲುತ್ತದೆ. ಬೆಟ್ಟುಗದ್ದೆಯನ್ನು ಹಡಿಲು ಬಿಟ್ಟಿದ್ದೀಯಲ್ಲ, ಮಳೆಗಾಲದಲ್ಲಿ ಅದರ ಅಂಚು ಕಟ್ಟಿ ನೀರು ನಿಲ್ಲಿಸು. ಭತ್ತ ಬೆಳೆಯದಿದ್ದರೂ ಕೆಳಗಿನ ಬಾವಿಗಳಿಗೆ ಅದರಿಂದ ಉಪಕಾರವಿದೆ.

ಹಗ್ಗಕ್ಕೆ ಕಲ್ಲು ಕಟ್ಟಿ ಪ್ರತಿ ಸಂಕ್ರಮಣಕ್ಕೆ ನಿನ್ನ ಬಾವಿಯನ್ನು, ಕೆಳಗಿನ ಮನೆಯವರದನ್ನೂ ಅಳೆದು ಪಂಚಾಂಗದಲ್ಲಿ ಬರೆದಿಡು. ಎರಡು ಬೇಸಿಗೆ ಹೀಗೆ ಅಳೆದ ಮೇಲೆ ಬೋರ್ ಗಾಡಿಯ ಮಾತು. ಮುಂಗಡ ಕೊಟ್ಟಿದ್ದರೆ ವಾಪಸು ಕೇಳು, ಕೊಡುತ್ತಾರೆ. ಅದಕ್ಕೂ ಮೊದಲು ನಮ್ಮ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಬೇಕು. ಹರಿವು ಸಣ್ಣದಾದ ಮೇಲೆ ಹಾಕಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. ನವೆಂಬರ್ ಕೊನೆಗೇ ಆಗಬೇಕು. ಪಂಚಾಯತಿನವರನ್ನು ಕಾಯುತ್ತ ಕೂರಬೇಡ. ಹಲಗೆ ನಮ್ಮ ಕೊಟ್ಟಿಗೆಯಲ್ಲಿವೆ, ಎರಡಕ್ಕೆ ಗೆದ್ದಲು ಹಿಡಿದಿದೆ, ಬರುವಾಗ ಬದಲಿ ತಾ.