ಕ್ಯಾಮೆರಾಗಲ್ಲ, ರೋಲಿಗೆ ದುಡ್ಡು ಇಡು

ಇರುವ ಡಿಜಿಟಲ್ ಕ್ಯಾಮೆರಾ ಮಾರಿ ಹ್ಯಾಸೆಲ್‌ಬ್ಲಾಡ್ ತಗೋತೀನಿ ಅಂದೆಯಲ್ಲ, ಮಾರಬೇಡಮ್ಮ. ಮೀಡಿಯಂ ಫಾರ್ಮ್ಯಾಟ್ ಫಿಲ್ಮಿಗೆ ಹೋದವರಿಗೆ ಡಿಜಿಟಲ್ ಬೇಡವಾಗುವುದಿಲ್ಲ, ಅದರ ಕೆಲಸ ಬದಲಾಗುತ್ತದೆ ಅಷ್ಟೆ. ಬೆಳಕು ಅಳೆಯುವುದಕ್ಕೆ ಅದು ಬೇಕು. ತೊಳೆದ ನೆಗೆಟಿವನ್ನು ಲೈಟ್‌ಬಾಕ್ಸ್ ಮೇಲಿಟ್ಟು, ಮ್ಯಾಕ್ರೊ ಲೆನ್ಸಿನಲ್ಲಿ ಫೋಟೊ ತೆಗೆದು ಕಂಪ್ಯೂಟರಿಗೆ ಇಳಿಸಿಕೊಳ್ಳುವುದಕ್ಕೂ ಅದೇ ಬೇಕು. ಯಾರಾದರೂ ಮದುವೆ ಕೆಲಸ ಒಪ್ಪಿಸಿದರೆ ಅನ್ನ ಹಾಕುವುದೂ ಅದೇ.

ಇನ್ನೊಂದು ವಿಷಯ. ನೀನು ಹೊರಟಿರುವುದು ಯಾವುದೋ ಹೊಸ ಲೋಕಕ್ಕಲ್ಲ. ನಮ್ಮ ತಲಘಟ್ಟಪುರದ ಹಳೇ ಮನೆಗಳ ಟ್ರಂಕು ತೆಗೆಸಿ ನೋಡು, ಹತ್ತರಲ್ಲಿ ಒಂದರಲ್ಲಾದರೂ ಅಗ್ಫಾ ಕ್ಲಿಕ್ ಥ್ರೀ ಸಿಕ್ಕೀತು. ಬರೋಡಾದಲ್ಲಿ ತಯಾರಾಗುತ್ತಿದ್ದ ಆ ಕಪ್ಪು ಡಬ್ಬಿಗೆ ಹಾಕುತ್ತಿದ್ದದ್ದು ನೀನು ಈಗ ಕೊಳ್ಳಹೊರಟಿರುವ 120 ರೋಲನ್ನೇ. 1901ರಲ್ಲಿ ಕೊಡಾಕ್ ಕಂಪನಿ ತನ್ನ ಬ್ರೌನಿ ಕ್ಯಾಮೆರಾಗೆಂದು ತಂದ ಅಳತೆ ಅದು, ಇವತ್ತಿಗೂ ಬದಲಾಗಿಲ್ಲ. ಒಂದು ರೋಲಿಗೆ ಹನ್ನೆರಡು ಚೌಕದ ಚಿತ್ರ. ಅಮ್ಮನ ಆಲ್ಬಮ್ಮಿನಲ್ಲಿ ಬಿಳಿ ಅಂಚಿನ ಪುಟ್ಟ ಚೌಕದ ಫೋಟೊಗಳಿದ್ದರೆ ಅವುಗಳಲ್ಲಿ ಹೆಚ್ಚಿನವು ನೆಗೆಟಿವನ್ನೇ ಕಾಗದಕ್ಕೆ ಒತ್ತಿ ಹಾಕಿದ ಪ್ರಿಂಟುಗಳು, ದೊಡ್ಡದು ಮಾಡಿದವಲ್ಲ. ಸ್ಟುಡಿಯೊದವರ ಕೈಯಲ್ಲಿ ಯಾಶಿಕಾ, ರೋಲಿಕಾರ್ಡ್ ಇರುತ್ತಿದ್ದವು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯಿಂದ ‘ಇಂದು’ ಎಂಬ ಹೆಸರಿನ ಕಪ್ಪು-ಬಿಳುಪು ಫಿಲ್ಮು ಬರುತ್ತಿತ್ತು. ಆ ಕಾರ್ಖಾನೆ ಈಗ ಇಲ್ಲ, ನಮಗೆ ಸಿಗುವ ರೋಲೆಲ್ಲ ಹೊರದೇಶದ್ದು. ಬೆಲೆ ಏರಿರುವುದಕ್ಕೆ ಅದೂ ಒಂದು ಕಾರಣ.

ಮನೆಯಲ್ಲಿ ಹಳೇ ನೆಗೆಟಿವ್ ಸಿಕ್ಕರೆ ಕಿಟಕಿ ಬೆಳಕಿಗೆ ಹಿಡಿದು ನೋಡು. ಯಂತ್ರ ಬೇಡ, ಪಾಸ್‌ವರ್ಡ್ ಬೇಡ, ಅಜ್ಜಿಯ ಮುಖ ಅಲ್ಲೇ ಇರುತ್ತದೆ. ಮೀಡಿಯಂ ಫಾರ್ಮ್ಯಾಟ್‌ಗೆ ಹೋಗಲು ನನಗೆ ಕಾಣುವ ದೊಡ್ಡ ಕಾರಣ ಇದೇ. ಬರೀ ಸ್ಪಷ್ಟತೆಗೆ ಅಂತಾದರೆ ನಿನ್ನ ಡಿಜಿಟಲ್ಲೇ ಸಾಕು. ನಿಜ, 35 ಎಂಎಂ ಚೌಕಟ್ಟು 24 x 36 ಮಿಲಿಮೀಟರು, 120 ರೋಲಿನ ಚೌಕ, ಸಿಕ್ಸ್ ಬೈ ಸಿಕ್ಸ್ ಅನ್ನುವುದು, 56 x 56. ವಿಸ್ತೀರ್ಣದಲ್ಲಿ ಮೂರೂವರೆ ಪಟ್ಟಿಗೂ ಜಾಸ್ತಿ. ಈಗ ಮೀಡಿಯಂ ಫಾರ್ಮ್ಯಾಟ್ ಎಂದು ಮಾರುವ ಎಷ್ಟೋ ಡಿಜಿಟಲ್ ಕ್ಯಾಮೆರಾಗಳ ಸೆನ್ಸರ್ 44 x 33 ಮಾತ್ರ, ಅದರ ಎರಡರಷ್ಟಕ್ಕಿಂತ ದೊಡ್ಡದು ನಿನ್ನ ಅಜ್ಜಿಯ ನೆಗೆಟಿವ್. ಆ ಅಗಲದಿಂದ ಬೂದು ಬಣ್ಣದ ಒಂದು ಛಾಯೆ ಮತ್ತೊಂದಕ್ಕೆ ಜಾರುವ ರೀತಿಯೇ ಬೇರೆಯಾಗುತ್ತದೆ. ಆದರೆ ಅದು ನೆಗೆಟಿವ್ ಸರಿಯಾಗಿ ಬೆಳಕು ಕುಡಿದಿದ್ದರೆ, ಸರಿಯಾಗಿ ತೊಳೆದಿದ್ದರೆ, ಚೊಕ್ಕಟವಾಗಿ ಒಣಗಿದ್ದರೆ ಮಾತ್ರ. ಈ ಮೂರೂ ಕ್ಯಾಮೆರಾದ ಹೆಸರಿನಿಂದ ಬರುವುದಿಲ್ಲ.

ಅದಕ್ಕೇ ಕ್ಯಾಮೆರಾದ ಮೇಲೆ ದುಡ್ಡು ಸುರಿಯಬೇಡ ಅನ್ನುವುದು. ಹ್ಯಾಸೆಲ್‌ಬ್ಲಾಡ್ ಅದ್ಭುತ ಕ್ಯಾಮೆರಾ, ಒಪ್ಪಿದೆ. ಮಮಿಯಾ ಆರ್‌ಬಿ 67 ಇನ್ನೂ ದೊಡ್ಡ ನೆಗೆಟಿವ್ ಕೊಡುತ್ತದೆ, ಆದರೆ ಲೆನ್ಸು ಸೇರಿ ಎರಡೂವರೆ ಕಿಲೋ ಮೀರುತ್ತದೆ. ಅದನ್ನು ಹೆಗಲಿಗೆ ಹಾಕಿಕೊಂಡು ತುರಹಳ್ಳಿ ಬಂಡೆ ಹತ್ತಿದ ಮೇಲೆ ಮರುವಾರ ಮನೆಯಲ್ಲೇ ಬಿಟ್ಟು ಹೋಗುತ್ತೀ. ಮೊದಲಿಗೆ ಎರಡು ಲೆನ್ಸಿನ ಯಾಶಿಕಾ ಮ್ಯಾಟ್, ಇಲ್ಲವೇ ಒಳ್ಳೇ ಸ್ಥಿತಿಯ ರೋಲಿಕಾರ್ಡ್ ಸಾಕು. ಲೆನ್ಸ್ ಬದಲಿಸಲು ಬರುವುದಿಲ್ಲ ಅನ್ನುವುದು ಕಲಿಯುವವರಿಗೆ ಒಳ್ಳೆಯದೇ. ಸೊಂಟದ ಹತ್ತಿರ ಹಿಡಿದು ತಲೆ ತಗ್ಗಿಸಿ ಗಾಜಿನಲ್ಲಿ ನೋಡಬೇಕು. ಎಡಬಲ ಅದಲುಬದಲಾಗಿ ಕಾಣುತ್ತದೆ, ಮೊದಲು ತಬ್ಬಿಬ್ಬಾಗುತ್ತೀ, ಆಮೇಲೆ ಕೈ ತಾನೇ ಕಲಿಯುತ್ತದೆ. ಎದುರಿಗಿರುವ ಮನುಷ್ಯನಿಗೆ ನೀನು ಗುರಿಯಿಟ್ಟಂತೆ ಕಾಣುವುದಿಲ್ಲ, ನಮಸ್ಕರಿಸಿದಂತೆ ಕಾಣುತ್ತೀ. ಹಿರಿಯರ ಭಾವಚಿತ್ರ ತೆಗೆಯುವಾಗ ಇದರ ಬೆಲೆ ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡ. ಶಟರನ್ನು ಒಂದು ಸೆಕೆಂಡಿಗೆ, ಅರ್ಧ ಸೆಕೆಂಡಿಗೆ ಇಟ್ಟು ಒತ್ತಿ ಕೇಳು. ಒಳಗಿನ ಗ್ರೀಸ್ ಒಣಗಿದ್ದರೆ ಆ ನಿಧಾನದ ವೇಗಗಳೇ ಮೊದಲು ಎಳೆಯುತ್ತವೆ, ಇಲ್ಲವೇ ನಿಂತೇ ಬಿಡುತ್ತವೆ. ಹಿಂಬಾಗಿಲು ತೆಗೆದು, ಶಟರ್ ತೆರೆದಿಟ್ಟು ಲೆನ್ಸಿನ ಮೂಲಕ ಟಾರ್ಚ್ ಬಿಡು, ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್ ಬಂದಿದೆ ಅಂತ, ಬಿಟ್ಟು ಬಾ. ಬಾಗಿಲಂಚಿನ ಸ್ಪಂಜು ಬೆರಳಿಗೆ ಅಂಟುವಷ್ಟು ಕೊಳೆತಿದ್ದರೆ ಅದೇನೂ ದೊಡ್ಡ ರಿಪೇರಿಯಲ್ಲ, ಬೆಲೆ ಇಳಿಸಿ ಕೇಳು. ಯಾಶಿಕಾ ಮ್ಯಾಟ್ 124ಜಿಯಲ್ಲಿ ಮೀಟರ್ ಇದೆ ಎಂದು ಹೆಚ್ಚು ಹೇಳುತ್ತಾರೆ. ಅದು ಪಾದರಸದ ಬ್ಯಾಟರಿಗೆಂದು ಮಾಡಿದ್ದು, ಆ ಬ್ಯಾಟರಿ ಈಗ ಬರುವುದೇ ಇಲ್ಲ. ಬದಲಿ ಹಾಕಿದರೆ ಮುಳ್ಳು ತಪ್ಪು ತೋರಿಸಬಹುದು. ಆ ಮೀಟರಿಗಾಗಿ ಒಂದು ರೂಪಾಯಿಯೂ ಹೆಚ್ಚು ಕೊಡಬೇಡ.

ಹಾಗೆ ಉಳಿದ ದುಡ್ಡು ರೋಲಿಗೆ. ರೋಲು, ಕೆಮಿಕಲ್ಲು ಎಲ್ಲ ಸೇರಿಸಿ ಹನ್ನೆರಡರಿಂದ ಭಾಗಿಸಿ ನೋಡು, ಒಂದೊಂದು ಕ್ಲಿಕ್ಕಿನ ಖರ್ಚು ಗೊತ್ತಾಗುತ್ತದೆ. ಹೆದರಿ ಒತ್ತದೇ ಇರಬೇಡ. ಆದರೆ ಒಂದೇ ಫಿಲ್ಮಿಗೆ ಅಂಟಿಕೋ, ಇಲ್‌ಫರ್ಡ್ ಎಚ್‌ಪಿ5 ಆಗಲಿ, ಕೊಡಾಕ್ ಟ್ರೈ-ಎಕ್ಸ್ ಆಗಲಿ. ತಿಂಗಳಿಗೊಂದು ಫಿಲ್ಮು ಬದಲಿಸುತ್ತಾ ಹೋದರೆ ತಪ್ಪು ಎಲ್ಲಿಂದ ಬಂತೆಂದು ಎಂದಿಗೂ ಗೊತ್ತಾಗುವುದಿಲ್ಲ. ಬಣ್ಣದ ರೋಲು ಸದ್ಯಕ್ಕೆ ಬೇಡ. ಅದನ್ನು ತೊಳೆಯಲು 38 ಡಿಗ್ರಿ ಶಾಖವನ್ನು ಅಲ್ಲಾಡದಂತೆ ಹಿಡಿಯಬೇಕು, ಆಮೇಲೆ ನೋಡಿದರಾಯಿತು.

ಡಿಜಿಟಲ್‌ನಲ್ಲಿ ಬಿಳುಪು ಸುಟ್ಟುಹೋಗಬಾರದೆಂದು ಸ್ವಲ್ಪ ಕಡಿಮೆ ಬೆಳಕು ಕೊಟ್ಟು ಅಭ್ಯಾಸವಾಗಿದೆ ನಿನಗೆ. ಇಲ್ಲಿ ತಿರುವುಮುರುವು. ನೆಗೆಟಿವ್ ಹೆಚ್ಚು ಬೆಳಕನ್ನು ತಡೆದುಕೊಳ್ಳುತ್ತದೆ, ಕಡಿಮೆಯನ್ನು ಕ್ಷಮಿಸುವುದಿಲ್ಲ. ನೆರಳಿನಲ್ಲಿ ಬೀಳದ ಬೆಳಕನ್ನು ಯಾವ ಕೆಮಿಕಲ್ಲೂ ಆಮೇಲೆ ತರಲಾರದು. 400ರ ಫಿಲ್ಮಿಗೆ ಮೀಟರನ್ನು 250ಕ್ಕೆ ಇಟ್ಟು ಅಳೆ. ಹಾಗೆಂದು ನಮ್ಮೂರ ನೆತ್ತಿಯ ಬಿಸಿಲಿಗೆ ಆ ಫಿಲ್ಮು ತಗೊಂಡು ಹೋದರೆ 1/500ರ ಮೇಲೆ ಓಡದ ಶಟರಿನಲ್ಲಿ ಎಫ್/11ಕ್ಕೇ ಸಿಕ್ಕಿಬೀಳುತ್ತೀ. ಬೆಳಗ್ಗೆ ಬೇಗ ಹೋಗು, ಇಲ್ಲವೇ ಸಂಜೆ.

ರೋಲು ಹಾಕುವುದು, ತೆಗೆಯುವುದು ಎರಡೂ ನೆರಳಲ್ಲಿ. 120ಕ್ಕೆ ಡಬ್ಬಿಯಿಲ್ಲ, ಹಿಂದೆ ಕಾಗದವಷ್ಟೆ. ಸಡಿಲವಾಗಿ ಸುತ್ತಿಕೊಂಡರೆ ಅಂಚಿಗೆ ಲೈಟ್ ಹೊಡೆಯುತ್ತದೆ. ವಿಮಾನ ನಿಲ್ದಾಣಕ್ಕೆ ಹೋದರೆ ಎಕ್ಸ್‌ರೇಗೆ ಹಾಕದೆ ಕೈಯಲ್ಲೇ ಪರೀಕ್ಷಿಸಿ ಎಂದು ಕೇಳಿಕೋ. ಹೊಸ ಸಿಟಿ ಸ್ಕ್ಯಾನರುಗಳು ಒಂದೇ ಸಲಕ್ಕೆ ಫಿಲ್ಮನ್ನು ಮಂಕು ಮಾಡಬಲ್ಲವು.

ಈಗ ತೊಳೆಯುವ ವಿಷಯ. ಇದನ್ನು ಬೇರೆಯವರ ಕೈಗೆ ಕೊಡಬೇಡಮ್ಮ, ಅರ್ಧ ಕಲಿಕೆ ಇಲ್ಲೇ ಇದೆ. ಕತ್ತಲ ಕೋಣೆ ಬೇಡ, ಕೈ ತೂರಿಸುವ ಕಪ್ಪು ಚೀಲವೊಂದು, ಟ್ಯಾಂಕೊಂದು, ಥರ್ಮಾಮೀಟರೊಂದು ಸಾಕು. ಹಾಳಾದ ಒಂದು ರೋಲನ್ನು ಮೊದಲು ಬೆಳಕಿನಲ್ಲಿ, ಆಮೇಲೆ ಕಣ್ಣು ಮುಚ್ಚಿ ಸುರುಳಿಗೆ ಏರಿಸುವುದನ್ನು ರೂಢಿಸಿಕೋ. ಪುಸ್ತಕಗಳೆಲ್ಲ 20 ಡಿಗ್ರಿ ಅನ್ನುತ್ತವೆ. ಬೆಂಗಳೂರಿನ ನಲ್ಲಿಯಲ್ಲಿ ಅಷ್ಟು ತಣ್ಣನೆಯ ನೀರು ವರ್ಷದ ಬಹುಪಾಲು ಬರುವುದಿಲ್ಲ. ಮಂಜುಗಡ್ಡೆ ಹಾಕಿ 20ಕ್ಕೆ ಇಳಿಸಿದರೂ ತೊಳೆಯುವಷ್ಟರಲ್ಲಿ ಅದು ಮತ್ತೆ ಏರುತ್ತದೆ. 24ಕ್ಕೆ ನಿಲ್ಲಿಸಿಕೋ, ಬಕೆಟ್ ನೀರಿನಲ್ಲಿ ಬಾಟಲಿಗಳನ್ನು ಇಟ್ಟರೆ ಅದು ಅಲ್ಲಾಡುವುದಿಲ್ಲ. ಎಚ್‌ಪಿ5ಗೆ ಐಡಿ-11 ಡೆವಲಪರನ್ನು ಸಮಪಾಲು ನೀರು ಬೆರೆಸಿ ಬಳಸಿದರೆ 20 ಡಿಗ್ರಿಯಲ್ಲಿ 13 ನಿಮಿಷ, 24ರಲ್ಲಿ ಸುಮಾರು 9. ನೀರು ಬೆರೆಸದೆ ಬಳಸಿದರೆ ಸಮಯ 5 ನಿಮಿಷದ ಹತ್ತಿರಕ್ಕೆ ಇಳಿದು ಚಿತ್ರ ಅಲ್ಲಲ್ಲಿ ಮಚ್ಚೆಯಾಗುವ ಅಪಾಯವಿದೆ, ಅದಕ್ಕೇ ಬೆರೆಸು.

ನೀರಿನ ಬಗ್ಗೆ ನಮ್ಮ ಕಡೆಯವರು ವಿಶೇಷ ಎಚ್ಚರ ವಹಿಸಬೇಕು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಪಂಪಿಂಗ್ ಸ್ಟೇಷನ್ ದಾಟಿ ನಮ್ಮ ಪಕ್ಕದಲ್ಲೇ ನಗರಕ್ಕೆ ಏರುತ್ತದೆ. ಹಾಗಿದ್ದೂ ಈ ಭಾಗದ ಎಷ್ಟೋ ಮನೆಗಳಿಗೆ ಇರುವುದು ಬೋರ್‌ವೆಲ್ಲು, ಟ್ಯಾಂಕರು. ಆ ಗಡಸು ನೀರು ಒಣಗಿದರೆ ನೆಗೆಟಿವ್ ಮೇಲೆ ಸುಣ್ಣದ ಕಲೆ ಕೂರುತ್ತದೆ, ಆಕಾಶದ ಭಾಗದಲ್ಲಿ ಎದ್ದು ಕಾಣುತ್ತದೆ. ಡೆವಲಪರ್ ಕಲಸಲು ಮತ್ತು ಕೊನೆಯ ಅದ್ದುವಿಕೆಗೆ ಡಿಸ್ಟಿಲ್ಡ್ ವಾಟರ್ ತಗೋ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಒಣಹಾಕುವುದು ಬಚ್ಚಲಮನೆಯಲ್ಲಿ, ರಾತ್ರಿ, ಕೆಳಗೊಂದು ಕ್ಲಿಪ್ಪು ಸಿಕ್ಕಿಸಿ. ಕನಕಪುರ ರಸ್ತೆಯ ದೂಳು ಹಸಿ ಜೆಲಟಿನ್‌ಗೆ ಅಂಟಿದರೆ ಬಿಡಿಸಲಾಗದು. ಬಳಸಿದ ಹೈಪೋ, ಅಂದರೆ ಫಿಕ್ಸರ್ ದ್ರಾವಣ, ಚರಂಡಿಗೆ ಸುರಿಯಬೇಡ, ಅದರಲ್ಲಿ ಬೆಳ್ಳಿ ಕರಗಿರುತ್ತದೆ, ಜಲಚರಗಳಿಗೆ ವಿಷ. ಚರಂಡಿ ನೀರು ಕೊನೆಗೆ ಸೇರುವುದು ಯಾವುದೋ ಕೆರೆಗೇ. ಕ್ಯಾನಿನಲ್ಲಿ ಕೂಡಿಟ್ಟು ಕಬ್ಬಿಣದ ನಾರು ಹಾಕಿಡು, ಬೆಳ್ಳಿ ಕೆಸರಾಗಿ ಕೆಳಗೆ ಕೂರುತ್ತದೆ. ಆ ಕೆಸರನ್ನು ಬೆಳ್ಳಿ ಬೇರ್ಪಡಿಸುವವರಿಗೆ ಕೊಡು.

ಏನು ತೆಗೆಯಬೇಕು ಎಂದು ನಾನು ಹೇಳಬಾರದು. ಆದರೂ ಒಂದು ಆಸೆ. 2021ರ ಜನವರಿಯಲ್ಲಿ ಮೆಟ್ರೊ ರೇಷ್ಮೆ ಸಂಸ್ಥೆಯವರೆಗೆ ಬಂತು, ಅಲ್ಲಿಂದ ಈಚೆಗೆ ತಲಘಟ್ಟಪುರ ಕಣ್ಣೆದುರೇ ಬದಲಾಗುತ್ತಿದೆ. ಕೆರೆಯ ಏರಿ, ಉಳಿದಿರುವ ಹೆಂಚಿನ ಮನೆ, ರಾಗಿ ಹೊಲ ಕಂಡ ಮುದುಕರ ಮುಖ, ತುರಹಳ್ಳಿಯ ಬಂಡೆ ಇವನ್ನೆಲ್ಲ ಒಂದೇ ಕ್ಯಾಮೆರಾ, ಒಂದೇ ಫಿಲ್ಮಿನಲ್ಲಿ ಸಾವಧಾನವಾಗಿ ತೆಗೆದಿಡು. ನಡುನಡುವೆ ಒಳ್ಳೆಯ ಪ್ರಿಂಟು ನೋಡಿ ಕಣ್ಣು ಪಳಗಿಸಿಕೋ. ಮೈಸೂರಿನ ಟಿ.ಎಸ್. ಸತ್ಯನ್ ಸಾಮಾನ್ಯರ ಬದುಕನ್ನು, ಸಂಡೂರಿನ ಎಂ.ವೈ. ಘೋರ್ಪಡೆ ಕಾಡುಪ್ರಾಣಿಗಳನ್ನು ಕಪ್ಪು-ಬಿಳುಪಿನಲ್ಲಿ ಹೇಗೆ ಕಂಡರು ನೋಡು. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಅಂಥ ಕಡೆ ಕೇಳಿದರೆ ಡಾರ್ಕ್‌ರೂಮಿನಲ್ಲಿ ಕೈ ಪಳಗಿದ ಹಿರಿಯರು ಯಾರಾದರೂ ಸಿಕ್ಕಾರು.

ಪ್ರತಿ ಪಟ್ಟಿಯನ್ನೂ ನೆಗೆಟಿವ್ ಕವರಿಗೆ ಹಾಕಿ ದಿನ, ಜಾಗ, ತೊಳೆದ ನಿಮಿಷ ಬರೆದಿಡು. ಮಳೆಗಾಲದಲ್ಲಿ ಪೆಟ್ಟಿಗೆಗೆ ಸಿಲಿಕಾ ಜೆಲ್ ಹಾಕು, ಕ್ಯಾಮೆರಾಗೂ ಹಾಕು, ತಿಂಗಳಿಗೊಮ್ಮೆ ಬದಲಿಸು. ಟ್ಯಾಂಕು, ಥರ್ಮಾಮೀಟರು ಕೊಳ್ಳಬೇಡ, ನನ್ನ ಹತ್ತಿರ ಇವೆ. ಮೊದಲ ರೋಲು ಮುಗಿದ ಭಾನುವಾರ ಫೋನ್ ಮಾಡು, ಬರುತ್ತೇನೆ. ಡಿಸ್ಟಿಲ್ಡ್ ವಾಟರ್ ಮಾತ್ರ ನೀನೇ ತಂದಿಟ್ಟಿರು, ಐದು ಲೀಟರು.